ಎರಡನೇ ನಂಬರ್ ಜಿನ್ನಿಗಿ ಎಣ್ಣಿ ಹಚ್ಚಿದ ಹಬ್ಬ

ಹತ್ತಿಯಿಂದ ಬೀಜ ಬಿಡಿಸೋ ಜಿನ್ ಮಷೀನ್ ನಡಸೂದು ಅಂದ್ರ ಹಿಡಿತದ ಕೆಲಸ. ಹಿಡೀಬೇಕಾದಾಗ ಹಿಡೀಬೇಕು, ಬಿಡಬೇಕಾದಾಗ ಬಿಡಬೇಕು, ಅಷ್ಟ. ಇದೊಂದು ಮಾತು ಮಂದಿ ತಲ್ಯಾಗ ಹಾಕಾಕ ನನ್ನ ಇಡೀ ನೌಕರಿ ಹೋತು. ಸಾಹುಕಾರ್ರಿಗಿ ತಿಳೀಲಿಲ್ಲ, ಮ್ಯಾನೇಜರಿಗಿ ತಿಳೀಲಿಲ್ಲ, ಹೈದ್ರಾಬಾದಿನಿಂದ ಕಾರಿನ್ಯಾಗ ಬರತಿದ್ದ ಇಂಜಿನಿಯರ್ ಸಾಹೇಬಗಂತೂ ಬಿಲ್ಕುಲ್ ತಿಳೀಲಿಲ್ಲ. ಯಾದಗಿರಿಯಾಗ ಶುರು ಮಾಡಿ, ಸುರಪುರದಾಗ ಮೂರು ಸೀಜನ್ ಮಾಡಿ, ಶಹಾಪುರ ರೋಡಿನ ಮಿಲ್ಲಿನ್ಯಾಗ ತಲಿಕೂದಲು ಬೆಳ್ಳಗ ಮಾಡಿಕೊಂಡೀನಿ. ಎಲ್ಲಾ ಕಡಿ ಇದೇ ಹಣೇಬರಹ.

ಈಗ ರಿಟೈರಾಗಿ ಮುದನಾಳದ ಮನಿ ಕಟ್ಟಿ ಮ್ಯಾಲ ಕುಂತೀನಿ. ಹೋದ ತಿಂಗಳ ಮಿಲ್ಲಿನ ಸಣ್ಣ ಸಾಹುಕಾರ್ರು ಫೋನ್ ಮಾಡಿದ್ರು. ಹೊಸದಾಗಿ ಸೇರೋ ಫಿಟ್ಟರ್ ಮಂದಿಗಿ, ಸೂಪರ್‌ವೈಜರ್ ಮಂದಿಗಿ ಉಪಯೋಗ ಆಗೂ ಹಂಗ ನಾಕು ಹಾಳಿ ಬರದುಕೊಡ್ರಿ, ನಿಯಮ ಒಂದು, ನಿಯಮ ಎರಡು ಅಂತ ನಂಬರ್ ಹಾಕಿ ಬರೀರಿ ಅಂದ್ರು. ನಿಯಮ ಆಗಲೇ ಗ್ವಾಡಿ ತುಂಬ ಅದಾವ. ನಮ್ಮ ಮಿಲ್ಲಿನ್ಯಾಗ ಸುರಕ್ಷತೆ ಮೊದಲು ಅನ್ನೋ ಬೋರ್ಡಿನ ಮೊಳಿಗಿ ಮಂದಿ ಅಂಗಿ ತೂಗಹಾಕತಿದ್ರು. ನಂಬರ್ ಹಾಕಿದ ನಿಯಮ ಓದಿ ಶಾಣ್ಯಾ ಆದವರನ್ನ ನಾ ಇವತ್ತಿನ ತನಕ ನೋಡಿಲ್ಲ. ಅದಕ್ಕ ಬರಿಯಂಗಿಲ್ಲ ಅಂತಲೇ ಸುಮ್ಮಕಿದ್ದೆ.

ಅಷ್ಟರಾಗ ರೇಣುಕಾ ಮನಿಗಿ ಬಂದಳು. ರಾಮಸಮುದ್ರದ ಮಲ್ಲಮ್ಮನ ಮಗಳು. ಮಲ್ಲಮ್ಮ ನಮ್ಮ ಮಿಲ್ಲಿನ್ಯಾಗ ಜಿನ್ನಿಗಿ ಹತ್ತಿ ಹಾಕೋ ಕೆಲಸಕ್ಕಿದ್ದಾಕಿ, ಬಲಗೈಯ ಎರಡು ಬೆರಳು ಅಲ್ಲೇ ಕಳಕೊಂಡಾಕಿ. ಮಗಳು ಡಿಪ್ಲೊಮಾ ಮುಗಿಸ್ಯಾಳ, ಅದೇ ಮಿಲ್ಲಿಗಿ ಸೂಪರ್‌ವೈಜರ್ ಆಗಿ ಸೇರಾಕತ್ಯಾಳ. ಕೆಲಸದ ಬಗ್ಗೆ ನಾಕು ಮಾತು ಕೇಳಿಕೊಂಡು ಹೋಗೂಣು ಅಂತ ಬಂದಿದ್ಲು. ಚಹಾ ಕುಡಿಯೋ ಮುಂದ ತಾನಾಗೇ ಅಂದಳು: "ನಮ್ಮವ್ವ ಲಕ್ಷ್ಯ ಇಲ್ಲದ ಕೈ ಹಾಕಿ ಬೆರಳು ಕಳಕೊಂಡಳು ಕಾಕಾ. ನಾ ಹಂಗ ಮಾಡಂಗಿಲ್ಲ. ಲಕ್ಷ್ಯ ಕೊಟ್ಟು ಮಾಡ್ತೀನಿ."

ನಾ ಚಹಾದ ಕಪ್ಪು ಕೆಳಗ ಇಟ್ಟೆ. ಆ ಮಾತು ಸುಳ್ಳು. ಸುಳ್ಳು ಅಂತ ಪೂರಾ ಗೊತ್ತಿದ್ದವರೊಳಗ ಮ್ಯಾನೇಜರ್ ತೀರಿಕೊಂಡಾನ, ನಾ ಉಳದೀನಿ. ಈ ಹುಡುಗಿ ಆ ಸುಳ್ಳನ್ನೇ ಪಾಠ ಅಂತ ನಂಬಿ ಅದೇ ಮಷೀನ್ ಮುಂದ ಹೋಗಿ ನಿಂತ್ರ, ಎಷ್ಟು ಲಕ್ಷ್ಯ ಕೊಟ್ರೂ ಒಂದು ದಿನ ಈಕಿ ಕೈಗೂ ಅದೇ ಗತಿ. ಆಕಿ ಮಾರಿ ನೋಡಿಕೊಂಡು ಹೇಳಾಕ ನನ್ನ ಕೈಲಿ ಆಗಲಿಲ್ಲ. ಅದಕ್ಕ ಬರಿಯಾಕ ಕುಂತೀನಿ, ನಂಬರ್ ಹಾಕಲಾರದ.

ಮೊದಲ ಮಷೀನ್ ತಿಳಕೋರಿ. ಜಿನ್ನಿನ್ಯಾಗ ತೊಗಲಿನ ರೋಲರ್ ಇರತದ, ಅದರ ಮೈಮ್ಯಾಲ ಸುರುಳಿಯಾಗಿ ಗೀರು ಹೊಡದಿರತೀವಿ. ರೋಲರಿಗಿ ಒತ್ತಿಕೊಂಡು ಒಂದು ಉದ್ದನ ಚಾಕು ನಿಂತಿರತದ, ಅದು ಅಲುಗಾಡಂಗಿಲ್ಲ. ರೋಲರ್ ತಿರುಗಿದಂಗ ಹತ್ತಿಯ ಎಳಿ ತೊಗಲಿಗಿ ಅಂಟಿಕೊಂಡು ಚಾಕಿನ ಕೆಳಗ ನುಸೀತದ. ಬೀಜ ದಪ್ಪ, ಅದು ನುಸಿಯಂಗಿಲ್ಲ, ಚಾಕಿನ ಅಂಚಿಗಿ ತಡದು ನಿಂದರತದ. ಮ್ಯಾಲ ಕೆಳಗ ಆಡೋ ಇನ್ನೊಂದು ಚಾಕು ಅದ, ನಾವು ಬೀಟರ್ ಅಂತೀವಿ, ಅದು ಬೀಜಕ್ಕ ಬಡೀತದ. ಆವಾಗ ಎಳಿ ಬೀಜದ ಬುಡದಾಗ ಕಿತ್ತು ಬರಬೇಕು, ನಡುವ ಹರೀಬಾರದು. ಹರದ್ರ ಎಳಿ ಗಿಡ್ಡ ಆಗತದ, ವ್ಯಾಪಾರಿ ಬೆರಳಾಗ ಹಿಡದು ಜಗ್ಗಿ ನೋಡಿ ಮಾರಿ ತಿರುವತಾನ. ಹಿಡಿತ ಕಮ್ಮಿ ಆದ್ರ ಹತ್ತಿ ಜಾರತದ, ಜಾಸ್ತಿ ಆದ್ರ ಹರೀತದ. ಇವೆರಡರ ನಡುವ ಒಂದು ಸಣ್ಣ ಜಾಗಾ ಅದ. ಅದನ್ನ ಹಿಡದು ಇಡೂದಕ್ಕ ನನಗ ಪಗಾರ ಕೊಡತಿದ್ರು.

ಇದು ಯಾಕ ತಿಳಿಯಂಗಿಲ್ಲ ಅಂದ್ರ, ಮಂದಿಗಿ ನುಣ್ಣಗ ಇದ್ದದ್ದೇ ಚಲೋ ಅಂತ ಕಾಣತದ. ನಮ್ಮ ಮ್ಯಾನೇಜರ್ ಸಾಹೇಬ ಬಂದ ಹೊಸದರಾಗ ಮಿಲ್ ಎಲ್ಲಾ ಲಕಲಕ ಅನ್ನಬೇಕು ಅಂದ. ಬಾಗಿಲ ಕಡ್ಡಿ ಒರಸಿಸಿದ, ಪೈಪಿಗಿ ಬಣ್ಣ ಹೊಡಸಿದ, ಆಮ್ಯಾಲ ಅವನ ಕಣ್ಣು ನನ್ನ ರೋಲರಿನ ಮ್ಯಾಲ ಬಿತ್ತು. ಇದೇನಿದು ಖರಬರ, ಸರಿ ಮಾಡು ಅಂದ. ಸಾಹೇಬ, ಆ ಖರಬರೇ ಹತ್ತಿ ಹಿಡಿಯೂದು, ಗೀರು ಸವದು ತೊಗಲು ಹೊಳಿಯಾಕ ಶುರುವಾತಂದ್ರ ರೋಲರ್ ಸತ್ತಂಗ, ಅಂತ ಹೇಳಿದೆ. ಕೇಳಲಿಲ್ಲ. ನಾ ರಜಾದ ಮ್ಯಾಲ ಇದ್ದಾಗ ಸಣ್ಣ ಪಾಲಿಶ್ ಪೇಪರ್ ಹಿಡಸಿ ಎರಡು ರೋಲರ್ ಕನ್ನಡಿ ಮಾಡಸಿದ. ಮರುದಿನ ಹತ್ತಿ ಹಾಕಿದ್ರ ಅದು ರೋಲರಿನ ಮ್ಯಾಲ ಎಮ್ಮಿ ಕುಂತಂಗ ಕುಂತಿತ್ತು, ಒಳಗ ಹೋಗಲೇ ಒಲ್ಲದು. ಕಡೀಕ ಫಿಟ್ಟರಿಂದು ಆಲಸ್ಯ ಅಂತ ನನ್ನ ಮ್ಯಾಲೇ ರಿಪೋರ್ಟ್ ಹೋತು. ಇಂಥವರ ಕೂಡ ಸಂಸಾರ ಮಾಡೀನಿ ನಾ.

ಇನ್ನೊಂದು ಹೇಳತೀನಿ. ಮಿಲ್ ಬಂದ್ ಮಾಡೂ ಮುಂದ ಚಾಕು ಮ್ಯಾಲ ಎತ್ತಿ ಇಡ್ರಿ ಅಂತ ಪ್ರತಿ ವಾರ ಬಾಯಿ ಹರಕೊಂತಿದ್ದೆ. ಯಾರೂ ಎತ್ತತಿರಲಿಲ್ಲ. ಐತವಾರ ಪೂರಾ ಒತ್ತಿಕೊಂಡೇ ಕುಂತ ಚಾಕು ರೋಲರಿಗಿ ಕಚ್ಚಿಕೊಂಡುಬಿಡತಿತ್ತು. ಎರಡು ವಸ್ತು ಒಂದಕ್ಕೊಂದು ಒತ್ತಿ ಕುಂತಷ್ಟೂ ಹೊತ್ತು ಅವುಗಳ ಹಿಡಿತ ತಾನೇ ಗಟ್ಟಿ ಆಗತದ. ಮ್ಯಾಲ ನೋಡಿದ್ರ ಮೈತುಂಬ ಮುಟ್ಟಿದಂಗ ಕಾಣತಾವ, ಖರೇ ಮುಟ್ಟಿರೂದು ಅಲ್ಲೊಂದು ಇಲ್ಲೊಂದು ಉಬ್ಬಿದ ಜಾಗಾ ಅಷ್ಟ. ಆ ಉಬ್ಬು ಹೊತ್ತು ಹೋದಂಗ ಅಗಲ ಆಗತಾವ, ಇನ್ನಷ್ಟು ಮುಟ್ಟತಾವ. ಸೋಮವಾರ ಮುಂಜಾನೆ ಸ್ವಿಚ್ ಒತ್ತಿದ್ರ ಮೋಟರ್ ಗುಂಯ್ ಅಂತಿತ್ತು, ರೋಲರ್ ಅಲುಗಾಡತಿರಲಿಲ್ಲ, ಆಮ್ಯಾಲ ಒಮ್ಮೆಲೇ ಧಡ್ ಅಂತ ಬಿಡತಿತ್ತು, ಬೆಲ್ಟ್ ಹರೀತಿತ್ತು. ಬೆಲ್ಟ್ ಕಂಪನಿಯವರನ್ನ ಬೈಕೊಂತ ಕುಂದ್ರತಿದ್ರು.

ಇದನ್ನೆಲ್ಲಾ ನನಗ ಕಲಿಸಿದಾಂವ ಇಂಜಿನಿಯರ್ ಅಲ್ಲ, ಕೊಂಕಲ್ಲಿನ ಖಾಜಾಸಾಬ್ ಅನ್ನೋ ಹಮಾಲ. ಹತ್ತಿ ಒತ್ತಿ ಕಟ್ಟಿದ ಬೇಲ್ ಎತ್ತೂದು, ಸರಿಸೂದು ಅವನ ಕೆಲಸ. ಒಂದು ಸಲ ಹೈದ್ರಾಬಾದಿನ ಇಂಜಿನಿಯರ್ ಸಾಹೇಬ ಆರು ಮಂದೀನ ನಿಲ್ಲಿಸಿ ಒಂದು ಬೇಲ್ ಸರಿಸ್ರಿ ಅಂದ. ದಬ್ಬಿದ್ರು, ದಬ್ಬಿದ್ರು, ಅಲುಗಾಡಲಿಲ್ಲ. ಇನ್ನಷ್ಟು ಜೋರು ಹಾಕ್ರಿ ಅಂತ ಆತ ಚೀರಿದ. ಹಾಕಿದ್ರು. ಒಮ್ಮೆಲೇ ಬಿಟ್ಟು ಬೇಲ್ ಹೋಗಿ ಗ್ವಾಡಿಗಿ ಬಡೀತು, ಮುಂದಿದ್ದ ಇಬ್ಬರು ಮಾರಿ ಕೆಳಗ ಮಾಡಿ ಬಿದ್ರು. ಖಾಜಾಸಾಬ್ ಬೀಡಿ ಆರಿಸಿ ಬಂದ, ಬೇಲಿನ ಒಂದು ಮೂಲಿಗಿ ಭುಜ ಕೊಟ್ಟು ಅಲುಗಿಸಿದ, ಅಷ್ಟ, ಇಡೀ ಬೇಲ್ ಮೆಲ್ಲಕ ತಿರುಗಿತು. ಆಮ್ಯಾಲ ನನಗ ಹೇಳಿದ, ಹಿಡಿತ ಒಮ್ಮೆಲೇ ಬಿಡಂಗಿಲ್ಲ ಭೀಮರಾಯ, ಒಂದು ಮೂಲ್ಯಾಗ ಬಿಡತದ, ಅಲ್ಲಿಂದ ಓಡತದ, ಅದು ಓಡೂದು ಕಣ್ಣಿಗಿ ಕಾಣಂಗಿಲ್ಲ ಅಷ್ಟ. ಅವನ ಆ ಮಾತು ನಾ ಜನ್ಮದಾಗ ಮರೀಲಿಲ್ಲ. ಮರೀಲಾರದ ಮನಷ್ಯಾ ಏನು ಮಾಡಿದ ಅನ್ನೂದು ಮುಂದ ಅದ.

ರೇಣುಕಾ ನನ್ನ ಮುಂದ ಡಿಪ್ಲೊಮಾ ಸೂತ್ರ ಹೇಳಿದಳು, ಒತ್ತಡ ಎರಡು ಪಟ್ಟಾದ್ರ ಘರ್ಷಣೆ ಎರಡು ಪಟ್ಟು ಅಂತ. ಸೂತ್ರ ಸರಿ ಅದ ತಂಗಿ, ನಾ ಜಗಳಾಡಂಗಿಲ್ಲ. ಆದ್ರ ಹಿಡಿತ ಎಷ್ಟು ಅನ್ನೂದು ನಿನ್ನ ಪುಸ್ತಕದಾಗ ಅದ, ಯಾವಾಗ ಬಿಡತದ, ಯಾವಾಗ ಹಿಡೀತದ ಅನ್ನೂದು ಇಲ್ಲ. ಕೈ ಹೋಗೂದು ಆ ಯಾವಾಗ ಅನ್ನೂದರಾಗ.

ಈಗ ಮಲ್ಲಮ್ಮನ ಬೆರಳು ಹೋದ ಆ ದೀಪಾವಳಿಗಿ ಬರತೀನಿ.

ನಮ್ಮ ಕಡಿ ನೀರು ತುಂಬೂ ಹಬ್ಬದ ಮರುದಿನ ಮನಿಮಂದಿಗೆಲ್ಲಾ ಎಣ್ಣಿ ಹಚ್ಚಿ ಎರಕೊಳ್ಳೂ ಪದ್ಧತಿ. ಅದರ ಮರುದಿನ ಅಮಾಸಿಗಿ ಅಂಗಡಿ, ಮಿಲ್ಲು, ಮಷೀನು ಎಲ್ಲಾದಕ್ಕೂ ಪೂಜಿ. ನಾವು ಬೌದ್ಧರು, ನಮ್ಮಪ್ಪನ ಕಾಲದಿಂದ ಮನಿಯಾಗ ಪೂಜಿ ಇಲ್ಲ. ಮಿಲ್ಲಿನ ಪೂಜಿ ಇದ್ದಾಗ ನಾ ಬಾಗಿಲ ಹತ್ರ ನಿಂದರತಿದ್ದೆ, ಕರದು ಕೊಟ್ರ ಬೆಲ್ಲ ಕೊಬ್ಬರಿ ತಿಂತಿದ್ದೆ. ಆ ವರ್ಷ ಸಾಹುಕಾರ್ರ ತಾಯಿ, ಎಲ್ಲಾರೂ ಅವ್ವಾರು ಅಂತಿದ್ವಿ, ತಾವೇ ಪೂಜಿಗಿ ಬಂದಿದ್ರು. ಕೆಟ್ಟ ಮನಸ್ಸಿನವರಲ್ಲ. ಮಂದಿಗೆಲ್ಲಾ ಎಣ್ಣಿ ಹಚ್ಚೀವಿ, ವರ್ಷಪೂರ್ತಿ ನಮಗ ಅನ್ನ ಹಾಕೋ ಮಷೀನಿಗಿ ಯಾಕ ಹಚ್ಚಬಾರದು ಅಂತ ಅವರಿಗಿ ಅನಸೇದ. ಬಟ್ಟಲದಾಗ ಕುಸುಬಿ ಎಣ್ಣಿ, ಅದಕ್ಕಷ್ಟು ಅರಿಶಿಣ. ಹತ್ತಿಯ ಅರಳಿ ಅದ್ದಿ ಅದ್ದಿ ಎರಡನೇ ನಂಬರ್ ಜಿನ್ನಿನ ರೋಲರಿಗಿ ಕೂಸಿಗಿ ಹಚ್ಚಿದಂಗ ಹಚ್ಚಿದ್ರು, ಈ ತುದಿಯಿಂದ ಆ ತುದಿ ತನಕ. ತೊಗಲು ಎಣ್ಣಿ ಕುಡಕೊಂತ ಹೋತು.

ನಾ ಹತ್ತು ಹೆಜ್ಜಿ ದೂರ ನಿಂತು ನೋಡಾಕತ್ತಿದ್ದೆ. ಅವ್ವಾರೇ, ಬೇರಿಂಗಿಗಿ ಹಚ್ಚ್ರಿ, ರೋಲರಿಗಿ ಬ್ಯಾಡ್ರಿ ಅಂದಿದ್ರ ಮುಗೀತಿತ್ತು. ಅವರು ಕೇಳತಿದ್ರು ಅಂತ ಈಗ ಅನಸತದ. ಆದ್ರ ಹಿಂದಿನ ವರ್ಷ ನಾ ಕುಂಕುಮದ ಬಗ್ಗೆ ಹಿಂಗ ಒಂದು ಮಾತು ಆಡಿದ್ದಕ್ಕ ಮ್ಯಾನೇಜರ್ ಎಲ್ಲಾರ ಮುಂದ, ನಿನಗ ದೇವರು ಬ್ಯಾಡ, ನಮಗ ಬೇಕು, ಸುಮ್ಮಕ ನಿಂದ್ರು ಅಂದಿದ್ದ. ಆ ಸಿಟ್ಟು ನನ್ನ ಹೊಟ್ಟ್ಯಾಗ ಹಂಗೇ ಇತ್ತು. ಮಾಡಿಕೊಳ್ಳಲಿ ಮಕ್ಕಳು, ನಾಳಿಗಿ ಮಷೀನೇ ಬುದ್ಧಿ ಹೇಳತದ ಅಂತ ಬಾಯಿ ಮುಚ್ಚಿಕೊಂಡೆ. ಖರೇ ಹೇಳಬೇಕಂದ್ರ ಒಳಗೊಳಗ ಖುಷಿನೂ ಆಗಿತ್ತು.

ಹಬ್ಬ ಮುಗಿದು ಸೋಮವಾರ ಮಿಲ್ ಚಾಲೂ ಆತು. ಎರಡನೇ ನಂಬರ್ ಹತ್ತಿ ತಗೊಳ್ಳಲಿಲ್ಲ. ಜಾರತದ, ಜಾರತದ, ಅಷ್ಟ. ಮ್ಯಾನೇಜರ್ ಬಂದ. ರೋಲರ್ ಬಿಚ್ಚಬೇಕು, ಎಣ್ಣಿ ಕುಡದ ತೊಗಲು ಕೆರೀಬೇಕು, ಹೊಸಾದಾಗಿ ಗೀರು ಹೊಡೀಬೇಕು, ಎರಡು ದಿನ ಬೇಕು ಅಂದೆ. ಹೊರಗ ಹತ್ತಿ ಗಾಡಿ ಸಾಲು ಹಚ್ಚಿ ನಿಂತಾವ, ಎರಡು ದಿನ ಎಲ್ಲಿಂದ ತರಲಿ, ತೂಕ ಹಾಕು ಅಂದ. ಚಾಕು ರೋಲರಿಗಿ ಒತ್ತಾಕ ಒಂದು ಹಿಡಕಿಗಿ ಕಬ್ಬಿಣದ ತೂಕ ತೂಗಹಾಕಿರತೀವಿ, ಅದನ್ನ ಜಾಸ್ತಿ ಮಾಡು ಅಂತ ಅರ್ಥ. ಎಣ್ಣಿ ಇದ್ದಾಗ ತೂಕ ಹಾಕಿದ್ರ ಕಾವು ಏರತದ, ಕಾವಿಗಿ ಎಣ್ಣಿ ಒಂದು ಕಡಿ ಸುಟ್ಟು ಒಣಗಿತಂದ್ರ ಅಲ್ಲಿ ಒಮ್ಮೆಲೇ ಹಿಡೀತದ, ಇದು ನನಗ ಗೊತ್ತಿತ್ತು. ಒಂದು ಸಲ ಹೇಳಿದೆ. ಆತ, ಫಿಟ್ಟರ್ ಯಾರು, ಮ್ಯಾನೇಜರ್ ಯಾರು ಅಂದ. ಎರಡನೇ ಸಲ ನಾ ಹೇಳಲಿಲ್ಲ. ನನ್ನ ಕೈಯಾರೆ ಎರಡು ತೂಕ ಹೆಚ್ಚಿಗಿ ಹಾಕಿ, ನಿನ್ನ ಮಿಲ್ಲು ನಿನ್ನ ಹಣೇಬರಹ ಅಂದುಕೊಂಡು ಮಿಲ್ಲಿನ ಬಾಗಿಲ ಎದುರಿನ ಚಹಾದಂಗಡಿಗಿ ಹೋಗಿ ಕುಂತೆ. ಹೋಗೂ ಮುಂದ ಆ ಮಷೀನಿನ ಮುಂದ ನಿಂತ ಮಲ್ಲಮ್ಮಗ ಒಂದು ಮಾತು ಹೇಳಲಿಲ್ಲ.

ಇಲ್ಲಿ ಲಕ್ಷ್ಯ ಕೊಟ್ಟು ಓದ್ರಿ. ಚಲೋ ಹಿಡಿಯೋ ರೋಲರಿಗಿ ಎಲ್ಲಾರೂ ಅಂಜತಾರ, ಕೈ ದೂರ ಇಡತಾರ. ಜಾರೋ ರೋಲರಿಗಿ ಯಾರೂ ಅಂಜಂಗಿಲ್ಲ. ಹತ್ತಿ ಒಳಗ ಹೋಗವಲ್ಲದು ಅಂದ್ರ ಅಂಗೈಲೆ ಸ್ವಲ್ಪ ನೂಕತಾರ, ಏನೂ ಆಗಂಗಿಲ್ಲ. ಇನ್ನೊಮ್ಮೆ ನೂಕತಾರ, ಏನೂ ಆಗಂಗಿಲ್ಲ. ನೂರು ಸಲ ನೂಕಿದ ಮ್ಯಾಲ ಅದೇ ಕೆಲಸದ ರೀತಿ ಆಗಿಬಿಡತದ. ಮಲ್ಲಮ್ಮ ಮುಂಜಾನಿಂದ ಹಂಗ ನೂಕಾಕತ್ತಿದ್ಲು, ಯಾಕಂದ್ರ ಹತ್ತಿ ಹೋಗದಿದ್ರ ಬೈಸಿಕೊಳ್ಳಾಕಿ ಆಕಿನೇ. ಹತ್ತ್ಯಾಗಿನ ಕಸ ಚುಚ್ಚತದ ಅಂತ ಎಲ್ಲಾ ಹೆಣ್ಣಮಕ್ಕಳ ಹಂಗ ಬೆರಳಿಗಿ ಹಳೀ ಸೀರಿಯ ಅರಿವಿ ಸುತ್ತಿಕೊಂಡಿದ್ಲು.

ಮಧ್ಯಾನ ಬುತ್ತಿ ಬಿಚ್ಚೋ ಹೊತ್ತಿಗಿ ಚಹಾದಂಗಡಿಯಾಗ ನನಗ ಆ ಸಪ್ಪಳ ಕೇಳಿಸಿತು. ಕಿರ್ರ್ ಅಂತ ಸಣ್ಣಗ, ಬಿಟ್ಟು ಬಿಟ್ಟು. ಹಿಡದು ಬಿಡೂದು, ಹಿಡದು ಬಿಡೂದು, ಅದರ ಸಪ್ಪಳ ಅದು. ಬಲಗಡಿ ತುದಿಯಾಗ ಎಣ್ಣಿ ಸುಟ್ಟಿತ್ತು. ನಾ ಎದ್ದು ಓಡಿದೆ. ಬಾಗಿಲ ದಾಟೋದ್ರಾಗ ಕಿರ್ರ್ ನಿಂತು ರೋಲರಿನ ದನಿ ದಪ್ಪ ಆತು, ಅಂದ್ರ ಹಿಡಿತ ಆ ತುದಿಯಿಂದ ಈ ತುದಿಗಿ ಓಡಿ ಮುಗಿದಿತ್ತು. ಖಾಜಾಸಾಬ್ ಹೇಳಿದಂಗೇ ಆತು, ಬೇಲಿನ್ಯಾಗ ಬಿಡೂದು ಓಡಿತ್ತು, ಇಲ್ಲಿ ಹಿಡಿಯೂದು ಓಡಿತು. ಹತ್ತಿ ಕೂಡ ಅರಿವಿ ಹೋತು, ಅರಿವಿ ಕೂಡ ಬೆರಳು ಬೀಟರಿನ ಕೆಳಗ ಹೋದ್ವು. ಮೇನ್ ಸ್ವಿಚ್ ಎಳದಾಂವ ನಾನೇ. ಎಳೀಬೇಕಾದ ಹೊತ್ತಿಗಿ ಅಲ್ಲ.

ಮಲ್ಲಮ್ಮ ಕೈ ಮಡಲಾಗ ಇಟ್ಟುಕೊಂಡು ಕುಂತುಬಿಟ್ಟಳು, ಮಡಲಾಗಿನ ಹತ್ತಿ ಅರಳಿ ಎಲ್ಲಾ ಕೆಂಪಾಗಿದ್ವು. ಜೀಪಿನ್ಯಾಗ ಹಾಕಿಕೊಂಡು ದವಾಖಾನಿಗಿ ಒಯ್ದ್ವಿ. ಕೈ ಉಳೀತು, ಎರಡು ಬೆರಳು ಹೋದ್ವು.

ಸಂಜಿಮುಂದ ಮ್ಯಾನೇಜರ್ ಅಪಘಾತದ ರಜಿಸ್ಟರ್ ತಂದು ನನ್ನ ಮುಂದ ಇಟ್ಟ. ಕೆಲಸಗಾರ್ತಿಯ ಅಜಾಗರೂಕತೆಯಿಂದ ಅಂತ ಮೊದಲೇ ಬರದಿಟ್ಟಿದ್ದ. ಎಣ್ಣಿ ಇಲ್ಲ, ತೂಕ ಇಲ್ಲ. ಸಾಕ್ಷಿ ಅನ್ನೋ ಜಾಗಾದಾಗ ಬೆರಳಿಟ್ಟು ತೋರಿಸಿದ. ಎಣ್ಣಿ ಅಂತ ಬರದ್ರ ಅವ್ವಾರ ಹೆಸರು ಬರತದ, ತೂಕ ಅಂತ ಬರದ್ರ ಮೊದಲ ನಿನ್ನ ಹೆಸರೇ ಬರತದ ಅಂದ. ಅದು ಖರೇನೂ ಇತ್ತು. ಆತನ ಕೂಡ ಎಲ್ಲಾದಕ್ಕೂ ಜಗಳಾಡಿದ ನಾನು, ಬೆಲ್ಟಿಗಿ ಜಗಳಾಡಿದಾಂವ, ಪಾಲಿಶಿಗಿ ಜಗಳಾಡಿದಾಂವ, ಅವತ್ತು ಜಗಳಾಡಲಿಲ್ಲ. ಸಹಿ ಮಾಡಿದೆ.

ಆಮ್ಯಾಲ ಮಲ್ಲಮ್ಮ ಹತ್ತ್ಯಾಗಿನ ಕಸ ಆರಿಸೋ ಕೆಲಸಕ್ಕ ಬಂದಳು. ಎಡಗೈಲೆ ಆರಿಸತಿದ್ಲು. ಹೊಸಾದಾಗಿ ಬಂದ ಹೆಣ್ಣಮಕ್ಕಳಿಗಿ ಮ್ಯಾನೇಜರ್ ಆಕೀನ್ನೇ ತೋರಿಸಿ, ಲಕ್ಷ್ಯ ಇಲ್ಲದ ಮಾಡಿದ್ರ ಹಿಂಗ ಆಗತದ ನೋಡ್ರಿ ಅಂತಿದ್ದ. ವರ್ಷಾನುಗಟ್ಟಲೆ ಆಕಿ ಅದನ್ನ ಕೇಳಿಕೊಂತ ಕುಂತಳು, ನಾ ಮಗ್ಗಲದಾಗ ನಟ್ಟು ತಿರುವೋ ಪಾನಾ ಹಿಡಕೊಂಡು ನಿಂತೆ. ಕಡೀಕ ಆಕಿ ಮಗಳೂ ಅದನ್ನೇ ನಂಬ್ಯಾಳ.

ಈಗ ಮಿಲ್ಲಿನ್ಯಾಗ ಹತ್ತಿ ತಾನೇ ಹಾಕೋ ಮಷೀನ್ ಬಂದಾವ, ಗಾಜಿನ ಪರದಿ ಮ್ಯಾಲ ಕಾವು, ಒತ್ತಡ ಎಲ್ಲಾ ನಂಬರಿನ್ಯಾಗ ಕಾಣತದ, ಕಾಕಾ ನೀವು ಹೇಳೂದೆಲ್ಲಾ ಹಳೀ ಕಾಲದ್ದು ಅಂತ ನೀವು ಅಂತೀರಿ. ಅನ್ರಿ. ಪರದಿ ಮ್ಯಾಲ ಕಾಣೂದು ಇಡೀ ರೋಲರಿನ ಒಟ್ಟು ಲೆಕ್ಕ. ಹಿಡಿತ ಬಿಡೂದು, ಹಿಡಿಯೂದು ಒಂದು ಮೂಲ್ಯಾಗ ಶುರುವಾಗತದ, ಆ ಮೂಲಿಗಿ ಪರದಿ ಇಲ್ಲ. ಮತ್ತ ಜಾಮ್ ಆದಾಗ ಒಳಗ ಹೋಗೂದು ಇವತ್ತೂ ಮನಷ್ಯಾನ ಕೈನೇ. ಜಾರಾಕತ್ತಿದ ರೋಲರ್ ಕಂಡ್ರ ಮೊದಲ ಬಂದ್ ಮಾಡ್ರಿ, ತೂಕ ಹಾಕಬ್ಯಾಡ್ರಿ, ಬಿಚ್ಚಿ ಕೆರೀರಿ. ಮ್ಯಾನೇಜರ್ ಒದರ್ಯಾಡಿದ್ರ ಒದರ್ಯಾಡಲಿ. ನಿಮಗೂ ಸಿಟ್ಟು ಬರತದ, ಬರಲಿ, ನನಗ ಇವತ್ತಿಗೂ ಬರತದ. ಆದ್ರ ಸಿಟ್ಟಿನ್ಯಾಗ ಬಾಯಿ ಮುಚ್ಚಿಕೊಂಡು ಚಹಾಕ್ಕ ಹೋಗಬ್ಯಾಡ್ರಿ.

ಈ ಹಾಳಿ ಸಾಹುಕಾರ್ರಿಗಿ ಕೊಡೂಕಿಂತ ಮೊದಲ ರಾಮಸಮುದ್ರಕ್ಕ ಹೋಗಿ ಬಂದೆ. ರೇಣುಕಾ ಮನಿಯಾಗ ಇರಲಿಲ್ಲ. ಮಲ್ಲಮ್ಮ ಮರದಾಗ ತೊಗರಿಬ್ಯಾಳಿ ಹಸನ ಮಾಡಾಕತ್ತಿದ್ಲು. ಕುಂದ್ರು ಅಂದಳು, ನೀರು ಕೊಟ್ಟಳು. ನಾ ಬರದದ್ದೆಲ್ಲಾ ಓದಿ ಹೇಳಿದೆ, ಎಣ್ಣಿ, ತೂಕ, ಸಹಿ, ಒಂದೂ ಬಿಡಲಾರದ. ಓದಿ ಮುಗಿಯೂ ತನಕ ಆಕಿ ಹಳ್ಳು ಆರಿಸೂದು ನಿಲ್ಲಿಸಲಿಲ್ಲ. ನಾ ಹಾಳಿ ಮಡಚಿಕೊಂತ ಕುಂತೆ.

"ಎಣ್ಣಿ ಹಚ್ಚೂದು ನಾನೂ ನೋಡಿದ್ದೆ ಭೀಮಣ್ಣ," ಅಂದಳು ಆಮ್ಯಾಲ. "ಅದರಿಂದ ಏನಾಗತದ ಅಂತ ನನಗ ಗೊತ್ತಿರಲಿಲ್ಲ. ನಿನಗ ಗೊತ್ತಿತ್ತು."

ನಾ ಹೌದು ಅಂದೆ.

ಮರ ಒಂದು ಸಲ ಕೇರಿ ಕೆಳಗ ಇಟ್ಟಳು. "ಆಕಿಗಿ ಓದಾಕ ಕೊಡು. ಆಕಿಗಿ ಇನ್ನಾ ಹತ್ತೂ ಬೆರಳು ಅದಾವ."

ಕೊಡಾಕತ್ತೀನಿ ರೇಣುಕಾ. ನಿಮ್ಮವ್ವಂದು ತಪ್ಪಿಲ್ಲ. ಕೆಳಗ ನನ್ನ ಸಹಿ ಅದ. ಆ ಸೋಮವಾರದ ಬಗ್ಗೆ ಇದು ನನ್ನ ಎರಡನೇ ಸಹಿ. ಮೊದಲಿಂದು ಇನ್ನೂ ಆ ರಜಿಸ್ಟರಿನ್ಯಾಗ ಅದ, ಆಫೀಸಿನ ಕಪಾಟಿನ್ಯಾಗ, ಸೂಪರ್‌ವೈಜರ್ ಆದವರಿಗಿ ಅದರ ಚಾವಿ ಕೊಡತಾರ. ತಗದು ನೋಡು.